ಆರ್ ಭಾಷೆಯಲ್ಲಿ ಗುಂಪುವಾರು ಲೆಕ್ಕ: ಪರದೆಯಿಂದ ಫೈಲಿಗೆ

ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗುಂಪುವಾರು ಸರಾಸರಿ ತೆಗೆಯುವುದು ಒಂದು ಸಾಲಿನ ಕೆಲಸ. ಎಂಟರ್ ಒತ್ತಿದ ಕೂಡಲೇ ಪ್ರತಿ ಗುಂಪಿನ ಲೆಕ್ಕ ಪರದೆಯ ಮೇಲೆ ಅಚ್ಚುಕಟ್ಟಾಗಿ ಬಂದು ಕೂರುತ್ತದೆ. ತೊಂದರೆ ಶುರುವಾಗುವುದು ಅದನ್ನು ಫೈಲಿಗೆ ಹಾಕಲು ಹೊರಟಾಗ. ಗುಂಪು ಮಾಡಿ ಲೆಕ್ಕ ಹಾಕುವ ಬೈ ಎಂಬ ಫಂಕ್ಷನ್ ಕೊಟ್ಟ ಫಲಿತಾಂಶವನ್ನು ಹಾಗೇ, ಸಿಎಸ್‌ವಿ ಫೈಲ್ (ಮೌಲ್ಯಗಳ ನಡುವೆ ಅಲ್ಪವಿರಾಮ ಇರುವ ಪಠ್ಯ) ಬರೆಯುವ ರೈಟ್.ಸಿಎಸ್‌ವಿಗೆ ಕೊಟ್ಟು ನೋಡಿ. ಇದನ್ನು ಡೇಟಾ ಫ್ರೇಮ್ (ಸಾಲು, ಕಾಲಂ ಇರುವ ಆರ್‌ನ ಟೇಬಲ್) ಮಾಡಲು ಆಗುವುದಿಲ್ಲ ಎಂಬ ಎರರ್ ಬರುತ್ತದೆ. ಟೇಬಲ್ ಕಣ್ಣೆದುರೇ ಇದೆ, ಆದರೂ ಆರ್ ಅದನ್ನು ಟೇಬಲ್ ಅಂತ ಒಪ್ಪುತ್ತಿಲ್ಲ.

ಆರ್ ಹೇಳುವುದು ಸರಿಯೇ. ನಾವು ನೋಡಿದ್ದು ಫಲಿತಾಂಶವನ್ನಲ್ಲ, ಫಲಿತಾಂಶದ ಮುದ್ರಣವನ್ನು. ಒಳಗೆ ಇರುವುದು ಪಟ್ಟಿ ಇರಬಹುದು, ಮ್ಯಾಟ್ರಿಕ್ಸ್ ಇರಬಹುದು, ಪಟ್ಟಿಯೊಳಗೆ ಪಟ್ಟಿಯೂ ಇರಬಹುದು. ಪರದೆಗೆ ಬರುವಾಗ ಆರ್ ಅದಕ್ಕೆ ಗೆರೆ, ತಲೆಬರಹ ಸೇರಿಸಿ, ದಶಮಾಂಶ ಕತ್ತರಿಸಿ ತೋರಿಸುತ್ತದೆ. ಫೈಲಿಗೆ ಹೋಗಬೇಕಾದದ್ದು ಆ ಅಲಂಕಾರ ಅಲ್ಲ. ಹಾಗಾಗಿ ಈ ಕೆಲಸದ ಹೆಚ್ಚಿನ ಪಾಲು ಉಳಿಸುವುದರಲ್ಲಿ ಇಲ್ಲ, ಉಳಿಸುವ ಮೊದಲು ಲೆಕ್ಕವನ್ನು ಸರಿಯಾದ ಆಕಾರಕ್ಕೆ ತರುವುದರಲ್ಲಿ ಇದೆ.

ಶುರು ಮಾಡುವ ಮೊದಲು ಒಂದು ಮಾತು. ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಚುಕ್ಕೆ, ಅಡಿಗೆರೆ, ಕಂಸ ಎಲ್ಲವೂ ಇಲ್ಲಿ ಇರುವ ಹಾಗೆಯೇ ಇರಲಿ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವನ್ನು ಆರ್ ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಉದಾಹರಣೆಗೆ ಎಫ್‌ಯುಎನ್ ಪೂರ್ತಿ ದೊಡ್ಡಕ್ಷರ, ಟೂತ್‌ಗ್ರೋತ್‌ನಲ್ಲಿ ಟಿ ಮತ್ತು ಜಿ ಎರಡೂ ದೊಡ್ಡಕ್ಷರ. ಅನುಮಾನ ಬಂದರೆ ಮೊದಲ ಮೂರು ಅಕ್ಷರ ಹೊಡೆದು ಟ್ಯಾಬ್ ಕೀ ಒತ್ತಿ, ಉಳಿದದ್ದು ತಾನೇ ಬರುತ್ತದೆ.

ಮೊದಲು ಫೈಲಿನ ಆಕಾರ ತೀರ್ಮಾನಿಸಿ

ಗುಂಪುವಾರು ಲೆಕ್ಕದ ಫೈಲಿಗೆ ನಾನು ಒಪ್ಪುವ ಆಕಾರ ಒಂದೇ. ಗುಂಪಿಗೆ ಒಂದು ಸಾಲು. ಗುಂಪಿನ ಹೆಸರಿಗೆ ಒಂದು ಕಾಲಂ. ಎರಡು ಬಗೆಯ ಗುಂಪು ಇದ್ದರೆ ಎರಡು ಕಾಲಂ. ಆಮೇಲೆ ಎಣಿಕೆ, ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ಮೌಲ್ಯಗಳು ಎಷ್ಟು ಚದುರಿವೆ ಎಂಬ ಅಳತೆ), ಹೀಗೆ ಪ್ರತಿ ಲೆಕ್ಕಕ್ಕೂ ಅದರದೇ ಕಾಲಂ. ಈ ಆಕಾರದಲ್ಲಿ ಇದ್ದರೆ ಎಕ್ಸೆಲ್ ಓದುತ್ತದೆ, ಪೈಥಾನ್ ಓದುತ್ತದೆ, ಆರು ತಿಂಗಳ ನಂತರ ನೀವೂ ಓದಬಹುದು. ವಿಲೀನ ಮಾಡಿದ ಕೋಶಗಳು, ನಡುವೆ ಖಾಲಿ ಸಾಲು, ಒಂದೇ ಕೋಶದಲ್ಲಿ ಸರಾಸರಿ ಮತ್ತು ಪ್ಲಸ್ ಮೈನಸ್ ಚಿಹ್ನೆ, ಇವೆಲ್ಲ ವರದಿಗೆ ಸರಿ. ಡೇಟಾ ಫೈಲಿಗೆ ಬೇಡ.

ಎಣಿಕೆಯ ಕಾಲಂ ಬಿಡಲೇಬೇಡಿ. ಏಕೆ ಅನ್ನುವುದು ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ಅಗ್ರಿಗೇಟ್: ಏನೂ ಇನ್‌ಸ್ಟಾಲ್ ಮಾಡದೆ

ಆರ್ 1.0.0 ಬಂದದ್ದು 2000ನೇ ಇಸವಿಯ ಫೆಬ್ರುವರಿ 29ರಂದು. ಅಂದಿನಿಂದ ಗುಂಪು ಮಾಡುವ ಹೊಸ ಹೊಸ ದಾರಿಗಳು ಸೇರುತ್ತಲೇ ಹೋಗಿವೆ, ಹಳೆಯವನ್ನು ಯಾರೂ ತೆಗೆದಿಲ್ಲ. ಒಂದೇ ಕೆಲಸಕ್ಕೆ ಐದಾರು ಫಂಕ್ಷನ್ ಕಂಡು ಹೊಸಬರು ಗಾಬರಿಯಾಗುವುದು ಇದಕ್ಕೇ. ಫೈಲಿಗೆ ಉಳಿಸುವ ದೃಷ್ಟಿಯಿಂದ ನೋಡಿದರೆ, ಮೂಲ ಆರ್‌ನಲ್ಲಿ ಅಗ್ರಿಗೇಟ್ ಎಲ್ಲಕ್ಕಿಂತ ಸಲೀಸು. ಅದು ಕೊಡುವುದೇ ಡೇಟಾ ಫ್ರೇಮ್.

ಆರ್ ಜೊತೆಗೇ ಬರುವ ಟೂತ್‌ಗ್ರೋತ್ ಡೇಟಾ ತೆಗೆದುಕೊಳ್ಳೋಣ. 60 ಗಿನಿಯಿಲಿಗಳಿಗೆ ವಿಟಮಿನ್ ಸಿ ಕೊಟ್ಟು ಹಲ್ಲಿನ ಕೋಶಗಳ ಬೆಳವಣಿಗೆ ಅಳೆದ ಲೆಕ್ಕ ಅದು. ಲೆನ್ ಎಂಬುದು ಉದ್ದ. ಸಪ್ ಎಂಬುದು ವಿಟಮಿನ್ ಕೊಟ್ಟ ರೀತಿ: ಓಜೆ ಎಂದರೆ ಕಿತ್ತಳೆ ರಸ, ವಿಸಿ ಎಂದರೆ ಆಸ್ಕಾರ್ಬಿಕ್ ಆಮ್ಲ. ಡೋಸ್ 0.5, 1, 2 ಎಂದು ಮೂರು. ಒಟ್ಟು ಆರು ಗುಂಪು, ಗುಂಪಿಗೆ 10 ಪ್ರಾಣಿ.

ಫಲ <- ಅಗ್ರಿಗೇಟ್(ಲೆನ್ ~ ಸಪ್ + ಡೋಸ್, ಡೇಟಾ = ಟೂತ್‌ಗ್ರೋತ್, ಎಫ್‌ಯುಎನ್ = ಮೀನ್)

ಬಾಗು ಗೆರೆಯ ಎಡಕ್ಕೆ ಅಳತೆ, ಬಲಕ್ಕೆ ಗುಂಪು. ಆರು ಸಾಲು, ಮೂರು ಕಾಲಂ ಬರುತ್ತದೆ. ಡೋಸ್ 0.5ರಲ್ಲಿ ಕಿತ್ತಳೆ ರಸದ ಸರಾಸರಿ 13.23, ಆಮ್ಲದ್ದು 7.98. ಡೋಸ್ 2ರಲ್ಲಿ 26.06 ಮತ್ತು 26.14, ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ. ಇದನ್ನು ಸೀದಾ ಫೈಲಿಗೆ ಬರೆಯಬಹುದು.

ಆದರೆ ಬರೀ ಸರಾಸರಿ ಸಾಲದು, ಅಲ್ವಾ? ಎಣಿಕೆ, ಸರಾಸರಿ, ಡೀವಿಯೇಷನ್ ಮೂರೂ ಬೇಕು ಅಂದಾಗ ಎಲ್ಲರೂ ಬರೆಯುವುದು ಹೀಗೆ:

ಫಲ <- ಅಗ್ರಿಗೇಟ್(ಲೆನ್ ~ ಸಪ್ + ಡೋಸ್, ಡೇಟಾ = ಟೂತ್‌ಗ್ರೋತ್, ಎಫ್‌ಯುಎನ್ = ಫಂಕ್ಷನ್(ಎಕ್ಸ್) ಸಿ(ಎನ್ = ಲೆಂತ್(ಎಕ್ಸ್), ಮೀನ್ = ಮೀನ್(ಎಕ್ಸ್), ಎಸ್‌ಡಿ = ಎಸ್‌ಡಿ(ಎಕ್ಸ್)))

ಪರದೆಯಲ್ಲಿ ಐದು ಕಾಲಂ ಕಾಣುತ್ತವೆ. ಎನ್‌ಕಾಲ್(ಫಲ) ಎಂದು ಕೇಳಿದರೆ ಉತ್ತರ 3! ಕೊನೆಯ ಮೂರು ಲೆಕ್ಕಗಳು ಲೆನ್ ಎಂಬ ಒಂದೇ ಕಾಲಂನೊಳಗೆ ಮ್ಯಾಟ್ರಿಕ್ಸ್ ಆಗಿ ಕೂತಿವೆ. ಪರದೆಯಲ್ಲಿ ಲೆನ್.ಮೀನ್ ಎಂದು ಬರೆದದ್ದನ್ನು ನೋಡಿ ಡಾಲರ್ ಚಿಹ್ನೆ ಹಾಕಿ ಆ ಹೆಸರಿನಿಂದ ಕರೆದರೆ ನಲ್, ಅಂದರೆ ಏನೂ ಇಲ್ಲ ಎಂದು ಬರುತ್ತದೆ. ಮುಂದೆ ಆ ಕಾಲಂ ಬಳಸಿ ವಿಂಗಡಿಸುವಾಗ, ದುಂಡು ಮಾಡುವಾಗ ಎಡವಟ್ಟಾಗುವುದು ಇಲ್ಲೇ. ಬಿಡಿಸಲು ಒಂದೇ ಸಾಲು ಸಾಕು:

ಫಲ <- ಡು.ಕಾಲ್(ಡೇಟಾ.ಫ್ರೇಮ್, ಫಲ)

ಈಗ ನಿಜವಾಗಿಯೂ ಐದು ಕಾಲಂ. ಅಗ್ರಿಗೇಟ್‌ನಿಂದ ಒಂದಕ್ಕಿಂತ ಜಾಸ್ತಿ ಲೆಕ್ಕ ತೆಗೆದಾಗಲೆಲ್ಲ ಈ ಸಾಲನ್ನು ಹಿಂದೆಯೇ ಬರೆದುಬಿಡಿ.

ಖಾಲಿ ಬಿಟ್ಟ ಮೌಲ್ಯಗಳು: ಇಲ್ಲಿ ಸ್ವಲ್ಪ ನಿಲ್ಲಿ

ಟೂತ್‌ಗ್ರೋತ್‌ನಲ್ಲಿ ಒಂದೂ ಮೌಲ್ಯ ಬಿಟ್ಟುಹೋಗಿಲ್ಲ. ನಿಜವಾದ ಡೇಟಾ ಹಾಗಿರುವುದಿಲ್ಲ. ಆರ್‌ನಲ್ಲೇ ಇರುವ ಏರ್‌ಕ್ವಾಲಿಟಿ ನೋಡಿ. 1973ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನ್ಯೂಯಾರ್ಕ್‌ನಲ್ಲಿ ದಿನದಿನವೂ ತೆಗೆದ ಅಳತೆ, ಒಟ್ಟು 153 ಸಾಲು. ಅದರಲ್ಲಿ ಓಝೋನ್ ಕಾಲಂ 37 ದಿನ ಖಾಲಿ, ಅಂದರೆ ಎನ್‌ಎ. ಸೂರ್ಯನ ವಿಕಿರಣದ ಕಾಲಂ, ಸೋಲಾರ್.ಆರ್, 7 ದಿನ ಖಾಲಿ.

ತಿಂಗಳುವಾರು ಓಝೋನ್ ಸರಾಸರಿ ತೆಗೆದರೆ ಜೂನ್‌ಗೆ 29.44 ಬರುತ್ತದೆ. ಜೂನ್‌ನಲ್ಲಿ 30 ದಿನ. ಆದರೆ ಓಝೋನ್ ಅಳತೆ ಇರುವುದು ಬರೀ 9 ದಿನ. ಜುಲೈನಲ್ಲಿ 26 ದಿನದ ಅಳತೆ ಇದೆ, ಸರಾಸರಿ 59.12. ಫೈಲಿನಲ್ಲಿ ಈ ಎರಡು ಸರಾಸರಿಗಳು ಅಕ್ಕಪಕ್ಕದಲ್ಲಿ ಕೂತಾಗ ಎರಡಕ್ಕೂ ಒಂದೇ ತೂಕ ಇದ್ದ ಹಾಗೆ ಕಾಣುತ್ತದೆ. ಎಣಿಕೆಯ ಕಾಲಂ ಇಲ್ಲದಿದ್ದರೆ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ.

ಎಣಿಕೆ ಹಾಕಿದರೂ ಯಾವುದನ್ನು ಎಣಿಸಿದ್ದೀರಿ ಅನ್ನುವುದು ಮುಖ್ಯ. ಲೆಂತ್ ಸಾಲುಗಳನ್ನು ಎಣಿಸುತ್ತದೆ, ಎನ್‌ಎ ಕೂಡ ಸೇರಿಸಿಕೊಂಡು. ಡಿಪ್ಲೈಯರ್ ಎಂಬ ಪ್ಯಾಕೇಜಿನ (ಬೇರೆಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವ ಫಂಕ್ಷನ್‌ಗಳ ಕಟ್ಟು) ಎನ್() ಕೂಡ ಹಾಗೆಯೇ. ಖಾಲಿ ಸಾಲುಗಳನ್ನು ಮೊದಲೇ ಕೈಬಿಡದಿದ್ದರೆ ಎರಡೂ ಜೂನ್‌ಗೆ 30 ಎನ್ನುತ್ತವೆ. ಸರಾಸರಿಗೆ ನಿಜವಾಗಿ ಬಳಸಿದ ಅಳತೆಗಳು ಎಷ್ಟು ಅಂತ ಬೇಕಿದ್ದರೆ ಸಮ್(!ಇಸ್.ಎನ್‌ಎ(ಎಕ್ಸ್)) ಎಂದು ಬರೆಯಬೇಕು. ನಾನು ಎರಡನ್ನೂ ಉಳಿಸುತ್ತೇನೆ, ಒಟ್ಟು ಸಾಲು ಒಂದು ಕಾಲಂ, ಅಳತೆ ಇರುವ ಸಾಲು ಇನ್ನೊಂದು ಕಾಲಂ. ಓದುವವರಿಗೆ ಅನುಮಾನವೇ ಉಳಿಯುವುದಿಲ್ಲ.

ಅಗ್ರಿಗೇಟ್‌ನಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಬಾಗು ಗೆರೆಯ ಸೂತ್ರ ಬಳಸಿದಾಗ, ಆ ಸೂತ್ರದಲ್ಲಿರುವ ಯಾವುದೇ ಒಂದು ಕಾಲಂ ಖಾಲಿ ಇದ್ದರೂ ಅದು ಪೂರ್ತಿ ಸಾಲನ್ನೇ ಕೈಬಿಡುತ್ತದೆ, ಅದೂ ಸದ್ದಿಲ್ಲದೆ. ಓಝೋನ್ ಒಂದನ್ನೇ ಕೇಳಿದಾಗ ಮೇ ತಿಂಗಳ ಸರಾಸರಿ 23.62, ಆಗಸ್ಟ್‌ದು 59.96. ಕಾಲಂಗಳನ್ನು ಜೋಡಿಸುವ ಸಿಬೈಂಡ್ ಹಾಕಿ ಓಝೋನ್ ಮತ್ತು ಸೋಲಾರ್.ಆರ್ ಎರಡನ್ನೂ ಒಟ್ಟಿಗೆ ಕೇಳಿದರೆ, ಅದೇ ಓಝೋನ್ ಸರಾಸರಿ ಮೇ ತಿಂಗಳಿಗೆ 24.125, ಆಗಸ್ಟ್‌ಗೆ 60 ಆಗುತ್ತದೆ! ಸೂರ್ಯನ ಲೆಕ್ಕ ಇಲ್ಲದ ದಿನಗಳ ಓಝೋನ್ ಕೂಡ ಹೊರಗೆ ಹೋಗಿದೆ. 153ರಲ್ಲಿ ಉಳಿದದ್ದು 111 ಸಾಲು. ಎರಡರಲ್ಲಿ ಯಾವುದೂ ತಪ್ಪಲ್ಲ, ಆದರೆ ಯಾವುದು ಬೇಕು ಅನ್ನುವುದನ್ನು ನೀವು ಹೇಳಬೇಕು, ಆರ್ ಅಲ್ಲ. ಸಾಲುಗಳು ಉಳಿಯಲಿ ಅನ್ನುವುದಾದರೆ ಎನ್‌ಎ.ಆಕ್ಷನ್ = ಎನ್‌ಎ.ಪಾಸ್ ಕೊಡಿ, ಮೀನ್‌ಗೆ ಎನ್‌ಎ.ಆರ್‌ಎಂ = ಟ್ರೂ ಸೇರಿಸಿ.

ಗುಂಪಿನ ಹೆಸರೇ ಖಾಲಿ ಇದ್ದರೆ? ಅಗ್ರಿಗೇಟ್ ಮತ್ತು ಗುಂಪುವಾರು ಲೆಕ್ಕದ ಇನ್ನೊಂದು ಫಂಕ್ಷನ್ ಟಿಅಪ್ಲೈ ಆ ಸಾಲುಗಳನ್ನು ಬಿಡುತ್ತವೆ. ಡಿಪ್ಲೈಯರ್ ಎನ್‌ಎ ಎಂಬುದನ್ನೇ ಒಂದು ಗುಂಪು ಮಾಡಿ ಇಡುತ್ತದೆ. ಒಂದೇ ಡೇಟಾಗೆ ಎರಡು ದಾರಿಯಲ್ಲಿ ಸಾಲುಗಳ ಸಂಖ್ಯೆ ಬೇರೆ ಬಂದರೆ ಮೊದಲು ಇದನ್ನು ನೋಡಿ.

ಬೈ, ಟಿಅಪ್ಲೈ, ಡಿಸ್ಕ್ರೈಬ್‌ಬೈ: ಹಠಮಾರಿಗಳು

ಟಿಅಪ್ಲೈ ಎರಡು ಗುಂಪುಗಳಿಗೆ ಮ್ಯಾಟ್ರಿಕ್ಸ್ ಕೊಡುತ್ತದೆ. ಟೂತ್‌ಗ್ರೋತ್‌ಗೆ ಹಾಕಿದರೆ ಸಾಲಿನಲ್ಲಿ ಸಪ್, ಕಾಲಂನಲ್ಲಿ ಡೋಸ್. ನೋಡಲು ಚೆನ್ನ, ಆದರೆ ಗುಂಪಿಗೊಂದು ಸಾಲು ಅನ್ನುವ ನಮ್ಮ ಆಕಾರ ಅಲ್ಲ. ಆಸ್.ಡೇಟಾ.ಫ್ರೇಮ್(ಆಸ್.ಟೇಬಲ್(ಫಲ)) ಎಂದರೆ ಉದ್ದ ಪಟ್ಟಿ ಆಗುತ್ತದೆ. ಒಂದೇ ಒಂದು ಕಿರಿಕಿರಿ: ಸರಾಸರಿಗಳ ಕಾಲಂಗೆ ಅದು ಫ್ರೀಕ್ ಎಂದು ಹೆಸರಿಡುತ್ತದೆ, ಅವು ಎಣಿಕೆ ಏನೋ ಎಂಬಂತೆ. ರೆಸ್ಪಾನ್ಸ್‌ನೇಮ್ ಎಂಬ ಆಯ್ಕೆಯಲ್ಲಿ ಸರಿಯಾದ ಹೆಸರು ಕೊಡಿ.

ಬೈ ಕೊಡುವುದು ಪಟ್ಟಿ. ಒಂದೇ ಗುಂಪು ಇದ್ದರೆ ಡು.ಕಾಲ್(ಆರ್‌ಬೈಂಡ್, ಫಲ) ಸಾಕು, ತುಂಡುಗಳು ಒಂದರ ಕೆಳಗೆ ಒಂದು ಸೇರಿ ಮ್ಯಾಟ್ರಿಕ್ಸ್ ಆಗುತ್ತದೆ. ಎರಡು ಬಗೆಯ ಗುಂಪು ಇದ್ದಾಗ ಮಾತ್ರ ಇದು ಕೈಕೊಡುತ್ತದೆ. ಸಾಲುಗಳು ಬರುತ್ತವೆ, ಯಾವ ಸಾಲು ಯಾವ ಗುಂಪಿನದು ಅನ್ನುವುದು ಬರುವುದಿಲ್ಲ. ಇದಕ್ಕೆ ಪರಿಹಾರ, ಬೈಗೆ ಕೊಡುವ ನಿಮ್ಮ ಫಂಕ್ಷನ್ನಿನಿಂದಲೇ ಒಂದು ಸಾಲಿನ ಡೇಟಾ ಫ್ರೇಮ್ ಹೊರಬರುವ ಹಾಗೆ ಮಾಡುವುದು. ಆ ಸಾಲಿನಲ್ಲಿ ಗುಂಪಿನ ಹೆಸರುಗಳೂ ಇರಲಿ:

ಫಂಕ್ಷನ್(ಡಿ) ಡೇಟಾ.ಫ್ರೇಮ್(ಸಪ್ = ಡಿ$ಸಪ್[1], ಡೋಸ್ = ಡಿ$ಡೋಸ್[1], ಎನ್ = ಎನ್‌ರೋ(ಡಿ), ಮೀನ್ = ಮೀನ್(ಡಿ$ಲೆನ್))

ಗುಂಪಿನೊಳಗೆ ಎಲ್ಲ ಸಾಲಿನಲ್ಲೂ ಹೆಸರು ಒಂದೇ ಆದ್ದರಿಂದ ಮೊದಲನೆಯದನ್ನು ತೆಗೆದುಕೊಂಡರೆ ಆಯಿತು.

ಸೈಕ್ ಪ್ಯಾಕೇಜಿನ ಡಿಸ್ಕ್ರೈಬ್‌ಬೈ ಬಳಸುವವರು ತುಂಬಾ ಜನ. ಒಂದೇ ಏಟಿಗೆ ಮೀಡಿಯನ್, ಸ್ಕ್ಯೂ, ಕರ್ಟೋಸಿಸ್, ಸ್ಟ್ಯಾಂಡರ್ಡ್ ಎರರ್ ತನಕ ಎಲ್ಲ ಕೊಡುತ್ತದೆ. ಅದರ ಮಾಮೂಲಿ ಫಲಿತಾಂಶವೂ ಪಟ್ಟಿಯೇ, ಹಾಗಾಗಿ ಉಳಿಸಲು ಹೋದರೆ ತಕರಾರು. ಆದರೆ ಅದರಲ್ಲೇ ಮ್ಯಾಟ್ = ಟ್ರೂ ಎಂಬ ಆಯ್ಕೆ ಇದೆ. ಅದನ್ನು ಕೊಟ್ಟರೆ ಗುಂಪಿನ ಹೆಸರು ಗ್ರೂಪ್1 ಎಂಬ ಕಾಲಂನಲ್ಲಿ ಕೂತು ಚಪ್ಪಟೆ ಟೇಬಲ್ ಬರುತ್ತದೆ. ಇಷ್ಟು ಗೊತ್ತಿಲ್ಲದೆ ಜನ ಪರದೆಯಿಂದ ಕಾಪಿ ಮಾಡಿ ಎಕ್ಸೆಲ್‌ಗೆ ಅಂಟಿಸಿ ಕಾಲಂ ಸರಿಮಾಡುತ್ತಾ ಕೂರುತ್ತಾರೆ.

ಡಿಪ್ಲೈಯರ್ ಬಳಸುವವರಿಗೆ

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಓದಲು ಸುಲಭ, ಫಲಿತಾಂಶ ಯಾವಾಗಲೂ ಟೇಬಲ್.

ಏರ್‌ಕ್ವಾಲಿಟಿ |> ಗ್ರೂಪ್_ಬೈ(ಮಂತ್) |> ಸಮರೈಸ್(ಸಾಲು = ಎನ್(), ಅಳತೆ = ಸಮ್(!ಇಸ್.ಎನ್‌ಎ(ಓಝೋನ್)), ಸರಾಸರಿ = ಮೀನ್(ಓಝೋನ್, ಎನ್‌ಎ.ಆರ್‌ಎಂ = ಟ್ರೂ), .ಗ್ರೂಪ್ಸ್ = "ಡ್ರಾಪ್")

ಸಾಲು, ಅಳತೆ, ಸರಾಸರಿ ಎಂದಿರುವ ಕಡೆ ನಿಮಗೆ ಬೇಕಾದ ಕಾಲಂ ಹೆಸರು ಹಾಕಿಕೊಳ್ಳಿ. ನಡುವಿನ ಪೈಪ್ ಚಿಹ್ನೆಗೆ ಆರ್ 4.1.0 ಅಥವಾ ಅದಕ್ಕಿಂತ ಹೊಸದು ಬೇಕು. ಅದು ಬಂದದ್ದು 2021ರಲ್ಲಿ.

ಹೆಸರು ಇಡುವಾಗ ಒಂದು ಎಚ್ಚರ. ಹೊಸ ಕಾಲಂಗೆ ಹಳೆಯ ಕಾಲಂನ ಹೆಸರನ್ನೇ ಕೊಡಬೇಡಿ. ಸಮರೈಸ್(ಲೆನ್ = ಮೀನ್(ಲೆನ್), ಎಸ್‌ಡಿ = ಎಸ್‌ಡಿ(ಲೆನ್)) ಎಂದು ಬರೆದರೆ ಎರಡನೆಯ ಲೆಕ್ಕಕ್ಕೆ ಬರುವಷ್ಟರಲ್ಲಿ ಲೆನ್ ಅಂದರೆ ಒಂದೇ ಸಂಖ್ಯೆ, ಈಗಷ್ಟೇ ತೆಗೆದ ಸರಾಸರಿ. ಒಂದು ಸಂಖ್ಯೆಗೆ ಡೀವಿಯೇಷನ್ ಇರುವುದಿಲ್ಲ, ಹಾಗಾಗಿ ಆ ಕಾಲಂ ಪೂರ್ತಿ ಎನ್‌ಎ. ಎರರ್ ಬರುವುದಿಲ್ಲ. ಫೈಲ್ ತೆರೆದಾಗಲೇ ಗೊತ್ತಾಗುವುದು.

ಗುಂಪಿನಲ್ಲಿ ಒಂದೇ ಸಾಲು ಇದ್ದರೂ ಡೀವಿಯೇಷನ್ ಎನ್‌ಎ ಬರುತ್ತದೆ, ಅದು ಸರಿಯಾದ ಉತ್ತರ. ಗುಂಪಿನಲ್ಲಿ ಎಲ್ಲವೂ ಖಾಲಿ ಇದ್ದು ಮಿನ್‌ಗೆ ಎನ್‌ಎ.ಆರ್‌ಎಂ = ಟ್ರೂ ಕೊಟ್ಟಿದ್ದರೆ ಇನ್ಫ್ ಎಂದು ಬರುತ್ತದೆ, ಅನಂತ ಎಂಬ ಅರ್ಥದಲ್ಲಿ. ಜೊತೆಗೆ ಬಂದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ಫೈಲಿಗೆ ಮಾತ್ರ ಅದು ಹಾಗೇ ಹೋಗುತ್ತದೆ.

ಬರೆಯುವ ಸಾಲು

ಆಕಾರ ಸರಿಯಾದ ಮೇಲೆ ಉಳಿದದ್ದು ಇಷ್ಟೇ:

ರೈಟ್.ಸಿಎಸ್‌ವಿ(ಫಲ, "ಫಲ.ಸಿಎಸ್‌ವಿ", ರೋ.ನೇಮ್ಸ್ = ಫಾಲ್ಸ್)

ರೋ.ನೇಮ್ಸ್ = ಫಾಲ್ಸ್ ಬಿಟ್ಟರೆ ಮೊದಲ ಕಾಲಂನಲ್ಲಿ ಸುಮ್ನೆ 1, 2, 3 ಬರುತ್ತದೆ, ತಲೆಬರಹ ಖಾಲಿ. ಮತ್ತೆ ಆರ್‌ಗೆ ಓದಿಸಿದಾಗ ಅದು ಎಕ್ಸ್ ಎಂಬ ಕಾಲಂ ಆಗಿ ಬಂದು ಕೂರುತ್ತದೆ. ಆದರೆ ಇದನ್ನು ಕಣ್ಣುಮುಚ್ಚಿ ಎಲ್ಲ ಕಡೆ ಹಾಕಬೇಡಿ. ಟಿಅಪ್ಲೈ ಅಥವಾ ಆರ್‌ಬೈಂಡ್‌ನಿಂದ ಬಂದ ಮ್ಯಾಟ್ರಿಕ್ಸ್‌ನಲ್ಲಿ ಗುಂಪಿನ ಹೆಸರು ಇರುವುದೇ ಸಾಲಿನ ಹೆಸರಿನಲ್ಲಿ. ಅಲ್ಲಿ ಫಾಲ್ಸ್ ಕೊಟ್ಟರೆ ಸಂಖ್ಯೆಗಳು ಮಾತ್ರ ಉಳಿದು ಹೆಸರೆಲ್ಲ ಮಾಯ. ಮೊದಲು ರೋನೇಮ್ಸ್ ಫಂಕ್ಷನ್ನಿನಿಂದ ಹೆಸರುಗಳನ್ನು ಒಂದು ಕಾಲಂಗೆ ತನ್ನಿ, ಆಮೇಲೆ ಬರೆಯಿರಿ.

ಫೈಲ್ ಎಲ್ಲಿ ಹೋಯಿತು ಅಂತ ಹುಡುಕುವುದು ಬೇಡ. ಗೆಟ್‌ಡಬ್ಲ್ಯೂಡಿ() ಎಂದು ಕೇಳಿ, ಆರ್ ಈಗ ಯಾವ ಫೋಲ್ಡರಿನಲ್ಲಿ ಇದೆ ಎಂದು ಹೇಳುತ್ತದೆ. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ರೈಟ್.ಸಿಎಸ್‌ವಿ ಕೇಳದೆ ಅದರ ಮೇಲೆಯೇ ಬರೆಯುತ್ತದೆ. ಹಳೆಯದು ಬೇಕು ಅನ್ನುವುದಾದರೆ ಫೈಲಿನ ಹೆಸರಿಗೆ ಸಿಸ್.ಡೇಟ್() ಕೊಡುವ ದಿನಾಂಕ ಸೇರಿಸಿ. ವಿಂಡೋಸ್‌ನಲ್ಲಿ ಆ ಫೈಲ್ ಎಕ್ಸೆಲ್‌ನಲ್ಲಿ ತೆರೆದೇ ಇದ್ದರೆ, ಅನುಮತಿ ಇಲ್ಲ ಎಂಬ ಎರರ್ ಬರುತ್ತದೆ. ಎಕ್ಸೆಲ್ ಮುಚ್ಚಿ, ಅಷ್ಟೇ.

ಇದ್ದ ಫೈಲಿನ ಕೆಳಗೆ ಹೊಸ ಸಾಲು ಸೇರಿಸಬೇಕೇ? ರೈಟ್.ಸಿಎಸ್‌ವಿ ಅದಕ್ಕೆ ಒಪ್ಪುವುದಿಲ್ಲ. ಅಪೆಂಡ್ = ಟ್ರೂ ಕೊಟ್ಟರೆ ಎಚ್ಚರಿಕೆ ಕೊಟ್ಟು ಅದನ್ನು ಕಡೆಗಣಿಸಿ, ಹಳೆಯದನ್ನು ಅಳಿಸಿ ಬರೆಯುತ್ತದೆ. ರೈಟ್.ಟೇಬಲ್ ಬಳಸಿ, ಅಪೆಂಡ್ = ಟ್ರೂ, ಸೆಪ್ = ",", ರೋ.ನೇಮ್ಸ್ = ಫಾಲ್ಸ್ ಮತ್ತು ಕಾಲ್.ನೇಮ್ಸ್ = ಫಾಲ್ಸ್ ಜೊತೆಗೆ. ಆದರೂ ನನ್ನ ಮಾತು ಕೇಳುವುದಾದರೆ, ಎಲ್ಲ ತುಂಡುಗಳನ್ನು ಮೊದಲು ಆರ್ ಒಳಗೇ ಸೇರಿಸಿ ಒಂದೇ ಸಲ ಬರೆಯಿರಿ. ಸ್ಕ್ರಿಪ್ಟ್ ಎರಡು ಸಲ ಓಡಿಸಿದರೆ ಸಾಲುಗಳು ಎರಡೆರಡಾಗುವ ತಲೆನೋವು ಆಗ ಇರುವುದಿಲ್ಲ.

ದುಂಡು ಮಾಡುವ ವಿಷಯ. ರೈಟ್.ಸಿಎಸ್‌ವಿ ಸಂಖ್ಯೆಗಳನ್ನು 15 ಅಂಕಿಗಳವರೆಗೆ ಬರೆಯುತ್ತದೆ. 59.1153846153846 ಎಂದು ನೋಡಿ ಗಾಬರಿ ಬೇಡ, ಹಾಗೇ ಇರಲಿ. ಕತ್ತರಿಸಿದ ಮೇಲೆ ಮತ್ತೆ ಬರುವುದಿಲ್ಲ. ವರದಿಗೆ ಎರಡು ದಶಮಾಂಶ ಬೇಕಿದ್ದರೆ ಅದಕ್ಕೆ ಬೇರೆ ಫೈಲ್ ಮಾಡಿ. ರೌಂಡ್ ಬಳಸಿದರೆ 22.70 ಎಂಬುದು 22.7 ಆಗಿ ಬರುತ್ತದೆ. ಕೊನೆಯ ಸೊನ್ನೆಯೂ ಬೇಕೆಂದರೆ ಸ್ಪ್ರಿಂಟ್‌ಎಫ್ ಬಳಸಬೇಕು. ಆಗ ಅದು ಸಂಖ್ಯೆಯಾಗಿ ಉಳಿಯುವುದಿಲ್ಲ, ಅಕ್ಷರಗಳ ಸಾಲಾಗುತ್ತದೆ.

ಎಕ್ಸೆಲ್ ಮಾಡುವ ಕಿತಾಪತಿ

ಆರ್ ಸರಿಯಾಗಿ ಬರೆದ ಫೈಲನ್ನು ಎಕ್ಸೆಲ್ ತೆರೆಯುವಾಗ ಕೆಡಿಸಬಹುದು. ವಯಸ್ಸಿನ ಗುಂಪಿಗೆ 5-9 ಎಂದು ಹೆಸರಿಟ್ಟಿದ್ದರೆ ಅದು ದಿನಾಂಕವಾಗುತ್ತದೆ. 007 ಎಂಬ ಗುರುತು 7 ಆಗುತ್ತದೆ. ಈ ಕಾಟ ಎಷ್ಟರ ಮಟ್ಟಿಗೆ ಹೋಗಿತ್ತು ಅಂದರೆ, ಮಾರ್ಚ್1, ಸೆಪ್ಟ್1 ಎಂಬ ಜೀನ್ ಹೆಸರುಗಳೆಲ್ಲ ವಿಜ್ಞಾನಿಗಳ ಫೈಲುಗಳಲ್ಲಿ ದಿನಾಂಕವಾಗಿ ಬದಲಾಗುತ್ತಿದ್ದವು. ಕೊನೆಗೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಹೆಸರು ಬದಲಿಸಿತು. 2020ರಲ್ಲಿ ಹೊರಬಂದ ಅದರ ಮಾರ್ಗಸೂಚಿಯಲ್ಲಿ ಅವು ಮಾರ್ಚ್‌ಎಫ್1, ಸೆಪ್ಟಿನ್1 ಆಗಿವೆ. ನಿಮ್ಮ ಗುಂಪಿನ ಹೆಸರು ಬದಲಿಸುವುದು ಅದಕ್ಕಿಂತ ಸುಲಭ. 5-9 ಬದಲು "5 ರಿಂದ 9" ಎಂದು ಬರೆದರೆ ಸಾಕು.

ಹಾಗೆ ಕನ್ನಡದಲ್ಲಿ ಬರೆದಾಗ ಇನ್ನೊಂದು ಸಮಸ್ಯೆ. ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆದಿಡುವ ರೀತಿ) ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ವಿಚಿತ್ರ ಗುರುತುಗಳು ಕಾಣಬಹುದು. ಫೈಲ್ ಕೆಟ್ಟಿಲ್ಲ. ಇದು ಯುಟಿಎಫ್-8 ಎಂದು ಹೇಳುವ ಸಣ್ಣ ಗುರುತು ಫೈಲಿನ ತಲೆಯಲ್ಲಿ ಇಲ್ಲ, ಅಷ್ಟೇ. ರೀಡ್‌ಆರ್ ಪ್ಯಾಕೇಜಿನ ರೈಟ್_ಎಕ್ಸೆಲ್_ಸಿಎಸ್‌ವಿ ಆ ಗುರುತನ್ನು ಹಾಕಿಯೇ ಬರೆಯುತ್ತದೆ.

ಸಿಎಸ್‌ವಿ ಜೊತೆಗೆ ಆರ್‌ಡಿಎಸ್ ಕೂಡ

ಸಿಎಸ್‌ವಿ ಬರೀ ಪಠ್ಯ. ಕಡಿಮೆ, ಮಧ್ಯಮ, ಹೆಚ್ಚು ಎಂದು ನೀವು ಜೋಡಿಸಿದ್ದ ಫ್ಯಾಕ್ಟರ್ (ಗುಂಪಿನ ಹೆಸರುಗಳ ಕಾಲಂ) ಕ್ರಮ ಅದರಲ್ಲಿ ಉಳಿಯುವುದಿಲ್ಲ. ಮತ್ತೆ ಓದಿ ಗ್ರಾಫ್ ಹಾಕಿದರೆ ಗುಂಪುಗಳು ಅಕ್ಷರಮಾಲೆಯ ಕ್ರಮಕ್ಕೆ ಬಿದ್ದಿರುತ್ತವೆ. ಹಾಗಾಗಿ ಸೇವ್‌ಆರ್‌ಡಿಎಸ್(ಫಲ, "ಫಲ.ಆರ್‌ಡಿಎಸ್") ಎಂದು ಇನ್ನೊಂದು ಪ್ರತಿ ಇಡಿ. ರೀಡ್‌ಆರ್‌ಡಿಎಸ್‌ನಿಂದ ಓದಿದಾಗ ಎಲ್ಲವೂ ಇದ್ದ ಹಾಗೇ ಬರುತ್ತದೆ. ಬೈ ಕೊಟ್ಟ ಪಟ್ಟಿ, ಮಾಡೆಲ್‌ಗಳು, ಏನನ್ನು ಕೊಟ್ಟರೂ ಇದು ತಕರಾರಿಲ್ಲದೆ ಉಳಿಸುತ್ತದೆ. ಸೇವ್ ಮತ್ತು ಲೋಡ್ ಎಂಬ ಹಳೆಯ ಜೋಡಿಗಿಂತ ನನಗೆ ಇದೇ ಇಷ್ಟ. ಲೋಡ್ ಹಳೆಯ ಹೆಸರಿನಲ್ಲೇ ವಸ್ತುವನ್ನು ತಂದು ಇಡುತ್ತದೆ, ಈಗಾಗಲೇ ಆ ಹೆಸರಿನದು ಇದ್ದರೆ ಸದ್ದಿಲ್ಲದೆ ಅಳಿಸುತ್ತದೆ.

ಪರದೆಯಲ್ಲಿ ಕಂಡದ್ದು ಕಂಡ ಹಾಗೇ ಬೇಕು ಅನ್ನುವವರಿಗೆ ಕ್ಯಾಪ್ಚರ್.ಔಟ್‌ಪುಟ್ ಇದೆ. ಸಿಂಕ್ ಕೂಡ ಇದೆ, ಆದರೆ ಮುಚ್ಚಲು ಮರೆತರೆ ಆಮೇಲಿನ ಎಲ್ಲ ಉತ್ತರಗಳೂ ಫೈಲಿಗೇ ಹೋಗಿ ಪರದೆ ಮೂಕವಾಗುತ್ತದೆ.

ಗುಂಪಿಗೊಂದು ಫೈಲ್, ಅಥವಾ ಗುಂಪಿಗೊಂದು ಶೀಟ್

ಕೆಲವೊಮ್ಮೆ ಪ್ರತಿ ಗುಂಪಿಗೂ ಬೇರೆ ಫೈಲ್ ಕೇಳುತ್ತಾರೆ. ಸ್ಪ್ಲಿಟ್ ಬಳಸಿ ಡೇಟಾವನ್ನು ಗುಂಪುಗಳ ಪಟ್ಟಿ ಮಾಡಿ, ನೇಮ್ಸ್ ಮೇಲೆ ಫಾರ್ ಲೂಪ್ ಓಡಿಸಿ, ಪೇಸ್ಟ್0ದಿಂದ ಹೆಸರು ಕಟ್ಟಿ, ಒಂದೊಂದಾಗಿ ಬರೆಯಿರಿ. ಕೋಡ್ ಸುಲಭ, ತೊಡಕು ಇರುವುದು ಹೆಸರಿನಲ್ಲಿ. ಗುಂಪಿನ ಹೆಸರಿನಲ್ಲಿ ಓರೆಗೆರೆ ಇದ್ದರೆ ಅದನ್ನು ಫೋಲ್ಡರ್ ಎಂದು ತಿಳಿದು ಬರೆಯುವುದು ವಿಫಲವಾಗುತ್ತದೆ. ಜಿಸಬ್ ಹಾಕಿ ಅಂಥ ಚಿಹ್ನೆಗಳನ್ನು ಅಡಿಗೆರೆ ಮಾಡಿ. ಇಂಗ್ಲಿಷ್ ಅಕ್ಷರ ಬಿಟ್ಟು ಉಳಿದದ್ದೆಲ್ಲ ತೆಗೆ ಎಂಬ ಮಾಮೂಲಿ ಸೂತ್ರ ಬಳಸಿದರೆ ಕನ್ನಡ ಹೆಸರುಗಳು ಪೂರ್ತಿ ಅಡಿಗೆರೆಗಳಾಗಿ, ಒಂದರ ಮೇಲೆ ಒಂದು ಬರೆದುಕೊಳ್ಳಬಹುದು. ವಿಂಡೋಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಮಾತ್ರ ಬೇರೆ ಇರುವ ಎರಡು ಗುಂಪುಗಳಿಗೂ ಇದೇ ಗತಿ. ಕೊನೆಯಲ್ಲಿ ಫೋಲ್ಡರಿನ ಫೈಲುಗಳನ್ನು ಎಣಿಸಿ ಗುಂಪುಗಳ ಸಂಖ್ಯೆಗೆ ತಾಳೆ ಹಾಕಿ.

ಒಂದೇ ಎಕ್ಸೆಲ್ ಫೈಲಿನಲ್ಲಿ ಗುಂಪಿಗೊಂದು ಶೀಟ್ ಬೇಕಾದರೆ ರೈಟ್‌ಎಕ್ಸ್‌ಎಲ್ ಪ್ಯಾಕೇಜ್ ಸಾಕು, ಜಾವಾ ಗೀವಾ ಏನೂ ಬೇಡ. ಸ್ಪ್ಲಿಟ್ ಕೊಟ್ಟ ಪಟ್ಟಿಯನ್ನು ಹಾಗೇ ರೈಟ್_ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ ಕೊಡಿ, ಹೆಸರುಗಳೇ ಶೀಟಿನ ಹೆಸರಾಗುತ್ತವೆ. ಶೀಟಿನ ಹೆಸರು 31 ಅಕ್ಷರ ಮೀರುವಂತಿಲ್ಲ ಎಂಬುದು ಎಕ್ಸೆಲ್‌ನ ನಿಯಮ.

ಪರೀಕ್ಷೆಗಳ ಫಲಿತಾಂಶವೂ ಇದೇ ದಾರಿಯಲ್ಲಿ

ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಅನ್ನು ಗುಂಪುವಾರು ಮಾಡಿದಾಗ ಬರುವ ಉದ್ದನೆಯ ಮುದ್ರಣವನ್ನು ನೋಡಿ ಜನ ಕೈಚೆಲ್ಲುತ್ತಾರೆ. ಅದೂ ಒಂದು ಪಟ್ಟಿ ಅಷ್ಟೇ. ಡಾಲರ್ ಚಿಹ್ನೆ ಹಾಕಿ ಪಿ.ವ್ಯಾಲ್ಯೂ, ಸ್ಟ್ಯಾಟಿಸ್ಟಿಕ್, ಪ್ಯಾರಾಮೀಟರ್, ಕಾನ್ಫ್.ಇಂಟ್ ಎಂದು ಬೇಕಾದ್ದನ್ನು ಹೊರತೆಗೆಯಬಹುದು. ಟೂತ್‌ಗ್ರೋತ್ ಅನ್ನು ಡೋಸ್ ಪ್ರಕಾರ ಸ್ಪ್ಲಿಟ್ ಮಾಡಿ, ಎಲ್‌ಅಪ್ಲೈ ಮೂಲಕ ಪ್ರತಿ ತುಂಡಿನಲ್ಲೂ ಲೆನ್ ~ ಸಪ್ ಟಿ-ಟೆಸ್ಟ್ ಓಡಿಸಿ, ಒಂದು ಸಾಲಿನ ಡೇಟಾ ಫ್ರೇಮ್ ಹಿಂತಿರುಗಿಸಿ, ಆರ್‌ಬೈಂಡ್ ಮಾಡಿ. ಮೂರು ಸಾಲಿನ ಫೈಲ್ ಸಿದ್ಧ: ಡೋಸ್ 0.5ಕ್ಕೆ ಪಿ ಮೌಲ್ಯ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) 0.0064, ಡೋಸ್ 1ಕ್ಕೆ 0.0010, ಡೋಸ್ 2ಕ್ಕೆ 0.964. ಬ್ರೂಮ್ ಪ್ಯಾಕೇಜಿನ ಟೈಡಿ ಈ ಹೊರತೆಗೆಯುವ ಕೆಲಸವನ್ನು ತಾನೇ ಮಾಡುತ್ತದೆ, ಟಿ-ಟೆಸ್ಟ್ ಅಲ್ಲದೆ ರಿಗ್ರೆಷನ್‌ಗೂ.

ಇಲ್ಲೊಂದು ಲಾಭವೂ ಇದೆ. ಪರದೆಯಲ್ಲಿ ತುಂಬಾ ಸಣ್ಣ ಪಿ ಮೌಲ್ಯವನ್ನು ಆರ್ 2.2ಇ-16ಕ್ಕಿಂತ ಕಡಿಮೆ ಎಂದಷ್ಟೇ ತೋರಿಸುತ್ತದೆ. ಒಳಗಿನ ಪಟ್ಟಿಯಿಂದ ತೆಗೆದರೆ ಅದು ಲೆಕ್ಕ ಹಾಕಿದ ಸಂಖ್ಯೆಯೇ ಸಿಗುತ್ತದೆ.

ಮುಗಿಸುವ ಮೊದಲು ತಾಳೆ

ಬರೆದ ಫೈಲನ್ನು ರೀಡ್.ಸಿಎಸ್‌ವಿ ಹಾಕಿ ಮತ್ತೆ ಓದಿ. ಸಾಲುಗಳ ಸಂಖ್ಯೆ ಗುಂಪುಗಳ ಸಂಖ್ಯೆಗೆ ಸರಿಯಿದೆಯೇ ನೋಡಿ. ಸಂಖ್ಯೆಗಳನ್ನು ಆಲ್.ಈಕ್ವಲ್ ಹಾಕಿ ಹೋಲಿಸಿ. ಎರಡು ಈಕ್ವಲ್ ಚಿಹ್ನೆಯ ಹೋಲಿಕೆ ಬೇಡ, 15 ಅಂಕಿಯ ಆಚೆ ಉದುರಿದ ಚೂರಿಗೂ ಅದು ಬೇರೆ ಬೇರೆ ಎಂದುಬಿಡುತ್ತದೆ. ಆಮೇಲೆ ಎಣಿಕೆಯ ಕಾಲಂ ಕೂಡಿಸಿ. ಏರ್‌ಕ್ವಾಲಿಟಿಯ ಓಝೋನ್‌ಗೆ ತಿಂಗಳುವಾರು 26, 9, 26, 26, 29. ಮೊತ್ತ 116 ಬರಬೇಕು. 153 ಬಂದರೆ ನೀವು ಎಣಿಸಿದ್ದು ಸಾಲುಗಳನ್ನು, ಅಳತೆಗಳನ್ನಲ್ಲ. 111 ಬಂದರೆ ಇನ್ನೊಂದು ಕಾಲಂನ ಖಾಲಿ ಜಾಗ ನಿಮ್ಮ ಓಝೋನ್ ಸಾಲುಗಳನ್ನು ಎಳೆದುಕೊಂಡು ಹೋಗಿದೆ. ಈ ಮೊತ್ತವನ್ನು ಸ್ಟಾಪ್‌ಇಫ್‌ನಾಟ್ ಒಳಗೆ ಹಾಕಿ ಸ್ಕ್ರಿಪ್ಟಿನಲ್ಲೇ, ಬರೆಯುವ ಸಾಲಿಗಿಂತ ಮೊದಲು ಇಟ್ಟುಬಿಡಿ. ಮೊತ್ತ ತಪ್ಪಿದರೆ ಫೈಲ್ ಬರೆಯುವ ಮೊದಲೇ ಆರ್ ನಿಲ್ಲುತ್ತದೆ.